ಮೂರು ಕಾರ್ಡ್, ಎರಡು ತಟ್ಟೆ, ಒಬ್ಬ ಜೋ

ಪಂಕ್ ಸಂಗೀತದ ಮಾತು ಬಂದರೆ ಸಾಕು, ಕೇಳುಗರ ನಡುವೆ ಒಂದು ಹಳೆಯ ಜಗಳ ಮತ್ತೆ ಹುಟ್ಟಿಕೊಳ್ಳುತ್ತದೆ. ಹಾಡುಗಳೇನೋ ಸರಿ, ಕೇಳಿದ ಕೂಡಲೇ ರಕ್ತ ಬಿಸಿಯಾಗುತ್ತದೆ. ಆದರೆ ಈ ಪಂಕ್ ಬ್ಯಾಂಡ್‌ಗಳು ಮೊದಲಿಂದ ಕೊನೆಯವರೆಗೆ ಕೂತು ಕೇಳುವಂಥ, ವರ್ಷಗಳು ಕಳೆದರೂ ಹಳತಾಗದಂಥ ಒಂದು ದೊಡ್ಡ ಆಲ್ಬಂ ಮಾಡಿದವೇ?

ಇಲ್ಲ ಅನ್ನುವವರ ವಾದ ಗಟ್ಟಿಯಾಗಿಯೇ ಇದೆ. 1970ರ ದಶಕದ ಮಧ್ಯದಲ್ಲಿ ರಾಕ್ ಸಂಗೀತ ದೊಡ್ಡ ಸ್ಟೇಡಿಯಂಗಳಿಗೆ, ಹತ್ತು ಹದಿನೈದು ನಿಮಿಷದ ಗಿಟಾರ್ ಸೋಲೋಗಳಿಗೆ ಒಗ್ಗಿಹೋಗಿತ್ತು. ಅದರ ವಿರುದ್ಧ ಎದ್ದದ್ದೇ ಪಂಕ್. ಮೂರು ಕಾರ್ಡ್ ಕಲಿ, ಬ್ಯಾಂಡ್ ಕಟ್ಟು, ಎರಡು ನಿಮಿಷದಲ್ಲಿ ಹೇಳಬೇಕಾದ್ದು ಹೇಳಿ ಮುಗಿಸು. ಅದರ ಧರ್ಮ ಅಷ್ಟೇ. ನ್ಯೂಯಾರ್ಕಿನ ರಾಮೋನ್ಸ್ ಬ್ಯಾಂಡ್ 1976ರಲ್ಲಿ ತನ್ನ ಮೊದಲ ಆಲ್ಬಂ ಮಾಡಿದ್ದು ಸುಮಾರು 6,400 ಡಾಲರ್ ಖರ್ಚಿನಲ್ಲಿ. 14 ಹಾಡು, ಅರ್ಧ ಗಂಟೆಯೂ ಇಲ್ಲ. ಲಂಡನ್ನಿನ ಸೆಕ್ಸ್ ಪಿಸ್ತೂಲ್ಸ್ 1977ರಲ್ಲಿ ಒಂದೇ ಒಂದು ಸ್ಟುಡಿಯೊ ಆಲ್ಬಂ ತಂದು, ಕೆಲವೇ ತಿಂಗಳಲ್ಲಿ ಒಡೆದುಹೋಯಿತು. ದೊಡ್ಡ ಆಲ್ಬಂಗೆ ಬೇಕಾದ ತಾಳ್ಮೆ, ಕಸುಬು, ಯೋಜನೆ ಇವನ್ನೆಲ್ಲ ಗೇಲಿ ಮಾಡಿದವರಿಂದ ದೊಡ್ಡ ಆಲ್ಬಂ ಹೇಗೆ ಬಂದೀತು ಅನ್ನುವುದು ಇವರ ಪ್ರಶ್ನೆ.

ಈ ಪ್ರಶ್ನೆಗೆ ಉತ್ತರ ಹುಡುಕಲು ಪಟ್ಟಿಗಳನ್ನು, ರೇಟಿಂಗ್‌ಗಳನ್ನು ನೋಡುವುದಕ್ಕಿಂತ ಒಬ್ಬ ಮನುಷ್ಯನ ಬದುಕನ್ನು ನೋಡುವುದು ಒಳ್ಳೆಯದು. ಅವನು ಗುಂಡಿ ತೋಡಿದ್ದ, ರೈಲು ನಿಲ್ದಾಣದಲ್ಲಿ ಹಾಡಿ ಚಿಲ್ಲರೆ ಎತ್ತಿದ್ದ, ಇಡೀ ಜಗತ್ತು ಕೊಂಡಾಡಿದ ಬ್ಯಾಂಡನ್ನು ಕಟ್ಟಿ ಅದನ್ನು ತಾನೇ ಕೆಡವಿದ್ದ, ಆಮೇಲೆ ಹತ್ತು ವರ್ಷ ಏನು ಮಾಡಬೇಕೆಂದು ತಿಳಿಯದೆ ಕೂತಿದ್ದ. ಹೆಸರು ಜೋ ಸ್ಟ್ರಮರ್. ದಿ ಕ್ಲ್ಯಾಶ್ ಬ್ಯಾಂಡಿನ ಗಾಯಕ.

ಊರಿಲ್ಲದ ಹುಡುಗ

ಹುಟ್ಟುವಾಗ ಅವನ ಹೆಸರು ಜಾನ್ ಗ್ರಹಾಂ ಮೆಲರ್. ಹುಟ್ಟಿದ್ದು 1952ರ ಆಗಸ್ಟ್ 21ರಂದು, ಟರ್ಕಿಯ ಅಂಕಾರಾದಲ್ಲಿ. ತಂದೆ ರೊನಾಲ್ಡ್ ಮೆಲರ್ ಬ್ರಿಟಿಷ್ ವಿದೇಶಾಂಗ ಸೇವೆಯ ನೌಕರ. ಆ ತಂದೆ ಹುಟ್ಟಿದ್ದು ನಮ್ಮ ಲಕ್ನೋದಲ್ಲಿ. ತಾಯಿ ಅನ್ನಾ ಸ್ಕಾಟ್ಲೆಂಡಿನ ಬೆಟ್ಟದ ಸೀಮೆಯವಳು, ನರ್ಸ್ ಆಗಿದ್ದವಳು. ಅಪ್ಪನ ವರ್ಗಾವಣೆಯ ಜೊತೆ ಮನೆಯೂ ಊರೂರು ತಿರುಗಿತು. ಕೈರೋ, ಮೆಕ್ಸಿಕೊ ಸಿಟಿ, ಜರ್ಮನಿಯ ಬಾನ್. ಹುಡುಗನಿಗೆ ಒಂದು ಭಾಷೆ ಕಿವಿಗೆ ಹತ್ತುವಷ್ಟರಲ್ಲಿ ಇನ್ನೊಂದು ದೇಶ.

ಒಂಬತ್ತನೇ ವಯಸ್ಸಿಗೆ ಅವನನ್ನೂ ಅಣ್ಣ ಡೇವಿಡ್‌ನನ್ನೂ ಇಂಗ್ಲೆಂಡಿನ ಒಂದು ಬೋರ್ಡಿಂಗ್ ಶಾಲೆಗೆ ಸೇರಿಸಿ ತಂದೆ ತಾಯಿ ಮತ್ತೆ ವಿದೇಶಕ್ಕೆ ಹೊರಟರು. ಅಲ್ಲಿಂದ ಮುಂದೆ ಅಪ್ಪ ಅಮ್ಮನ ಮುಖ ಕಾಣುತ್ತಿದ್ದದ್ದು ಹೆಚ್ಚೆಂದರೆ ವರ್ಷಕ್ಕೊಮ್ಮೆ. ಹಾಸ್ಟೆಲಿನಲ್ಲಿ ಬೆಳೆದವರಿಗೆ ಈ ಸಂಕಟ ಬಿಡಿಸಿ ಹೇಳಬೇಕಿಲ್ಲ. ತಮ್ಮ ಗಟ್ಟಿಗನಾದ, ನಾಲ್ಕು ಜನರ ನಡುವೆ ಮಾತಾಡಿ ಬದುಕುವುದನ್ನು ಕಲಿತ. ಅಣ್ಣ ಒಳಗೊಳಗೇ ಮುದುಡಿದ.

ಡೇವಿಡ್ ಕೊನೆಗೆ ವರ್ಣದ್ವೇಷವನ್ನೇ ಬಂಡವಾಳ ಮಾಡಿಕೊಂಡ ನ್ಯಾಷನಲ್ ಫ್ರಂಟ್ ಎಂಬ ಬಲಪಂಥೀಯ ಪಕ್ಷದತ್ತ ವಾಲಿದ. 1970ರ ಬೇಸಿಗೆಯಲ್ಲಿ ಅವನು ತನ್ನ ಜೀವ ತೆಗೆದುಕೊಂಡ. ಶವವನ್ನು ಗುರುತಿಸಲು ಹೋದದ್ದು ಇನ್ನೂ ಹದಿನೆಂಟು ತುಂಬದ ತಮ್ಮ. ಮುಂದೆ ಈ ತಮ್ಮನೇ ಬ್ರಿಟನ್ನಿನಲ್ಲಿ ವರ್ಣದ್ವೇಷದ ವಿರುದ್ಧ ಅತಿ ಗಟ್ಟಿಯಾಗಿ ಹಾಡಿದವರಲ್ಲಿ ಒಬ್ಬನಾದ. ಅವನ ಸಿಟ್ಟನ್ನು ಕೇಳುವಾಗ ಈ ಸಾವು ನೆನಪಿರಬೇಕು. ಕಳೆದುಕೊಂಡದ್ದು ಯಾವ ದ್ವೇಷಕ್ಕೆ ಎಂದು ಅವನಿಗೆ ಮನೆಯೊಳಗಿಂದಲೇ ಗೊತ್ತಿತ್ತು.

ಗುಂಡಿ ತೋಡುವ ಕೆಲಸ

ಅದೇ ಹೊತ್ತಿಗೆ ಲಂಡನ್ನಿನ ಸೆಂಟ್ರಲ್ ಸ್ಕೂಲ್ ಆಫ್ ಆರ್ಟ್ ಅಂಡ್ ಡಿಸೈನ್ ಸೇರಿದ. ವ್ಯಂಗ್ಯಚಿತ್ರಕಾರನಾಗುವ ಆಸೆ ಇತ್ತು. ಓದು ಮುಗಿಯಲಿಲ್ಲ, ಮಧ್ಯದಲ್ಲೇ ಬಿಟ್ಟ. ಅಮೆರಿಕದ ಜಾನಪದ ಗಾಯಕ ವುಡಿ ಗತ್ರಿಯ ಹೆಸರು ಹಿಡಿದು ಕೆಲಕಾಲ ತನ್ನನ್ನು ವುಡಿ ಎಂದೇ ಕರೆದುಕೊಂಡ. ಟೈಮನ್ ಡಾಗ್ ಎಂಬ ಪಿಟೀಲು ವಾದಕನೊಬ್ಬ ಲಂಡನ್ನಿನ ಸುರಂಗ ರೈಲು ನಿಲ್ದಾಣಗಳಲ್ಲಿ ನುಡಿಸುತ್ತಿದ್ದ. ಅವನ ಜೊತೆ ನಿಂತು ಜನ ಎಸೆದ ಚಿಲ್ಲರೆ ಆಯುವುದು ಜೋಗೆ ಸಂಗೀತದಲ್ಲಿ ಸಿಕ್ಕ ಮೊದಲ ಕೆಲಸ. ಆಮೇಲೆ ತಾನೇ ಒಂದು ಯುಕುಲೇಲಿ ಕೊಂಡ. ನಾಲ್ಕೇ ತಂತಿ ಇದೆಯಲ್ಲ, ಗಿಟಾರಿಗಿಂತ ಸುಲಭವಾದೀತು ಎಂಬ ಲೆಕ್ಕ.

1973ರಲ್ಲಿ ವೇಲ್ಸ್‌ನ ನ್ಯೂಪೋರ್ಟ್ ಪಟ್ಟಣಕ್ಕೆ ಹೋದ. ಅಲ್ಲಿ ಹೊಟ್ಟೆಪಾಡಿಗೆ ಸಿಕ್ಕಿದ್ದು ಸ್ಮಶಾನದಲ್ಲಿ ಗುಂಡಿ ತೋಡುವ ಕೆಲಸ. ಹಗಲು ಸನಿಕೆ, ಸಂಜೆ ವಲ್ಚರ್ಸ್ ಎಂಬ ಸಣ್ಣ ಬ್ಯಾಂಡು. ಅವನು ಎಡಗೈಯವನು. ಆದರೂ ಗಿಟಾರನ್ನು ಬಲಗೈಯವರ ಹಾಗೆ ಹಿಡಿದು ಕಲಿತ. ಚುರುಕಾದ ಕೈ ತಂತಿಯ ಸೂಕ್ಷ್ಮ ಕೆಲಸಕ್ಕೆ ಸಿಗದೆ, ಒಂದೊಂದೇ ಸ್ವರ ಬಿಡಿಸಿ ನುಡಿಸುವುದು ಅವನಿಗೆ ಕೊನೆಯವರೆಗೂ ಅಷ್ಟಾಗಿ ಒಲಿಯಲಿಲ್ಲ. ಆರೂ ತಂತಿಯನ್ನು ಒಟ್ಟಿಗೆ ಬಾರಿಸುವುದಷ್ಟೇ ಬಂತು. ಇಂಗ್ಲಿಷಿನಲ್ಲಿ ಹಾಗೆ ಬಾರಿಸುವುದಕ್ಕೆ ಸ್ಟ್ರಮ್ ಅನ್ನುತ್ತಾರೆ. ತನಗೆ ಬಾರದ್ದನ್ನು ಮುಚ್ಚಿಡದೆ ಅದನ್ನೇ ಹೆಸರು ಮಾಡಿಕೊಂಡ. ಜಾನ್ ಮೆಲರ್ ಹೋಗಿ ಜೋ ಸ್ಟ್ರಮರ್ ಆದದ್ದು ಹೀಗೆ.

ಲಂಡನ್ನಿಗೆ ಮರಳಿದಾಗ ಬಾಡಿಗೆಗೆ ದುಡ್ಡಿರಲಿಲ್ಲ. ಆಗ ಲಂಡನ್ನಿನಲ್ಲಿ ಖಾಲಿ ಬಿದ್ದ ಹಳೆಯ ಮನೆಗಳು ಬೇಕಾದಷ್ಟಿದ್ದವು. ಯುವಕರು ಗುಂಪಾಗಿ ಹೋಗಿ ಅಂಥ ಮನೆಗಳಲ್ಲಿ ಬಾಡಿಗೆ ಇಲ್ಲದೆ ಸೇರಿಕೊಳ್ಳುತ್ತಿದ್ದರು. ವಾಲ್ಟರ್ಟನ್ ರಸ್ತೆಯ 101ನೇ ನಂಬರಿನ ಮನೆ ಅಂಥದ್ದೊಂದು. ಅಲ್ಲಿದ್ದವರು ಸೇರಿ ಕಟ್ಟಿದ ಬ್ಯಾಂಡಿಗೆ ಮನೆ ನಂಬರೇ ಹೆಸರಾಯಿತು, ದಿ 101ಅರ್ಸ್. ಪಬ್‌ಗಳಲ್ಲಿ ಹಳೆಯ ರಾಕ್ ಅಂಡ್ ರೋಲ್ ನುಡಿಸುವ ಬ್ಯಾಂಡು. ಒಳ್ಳೆಯ ಹೆಸರೂ ಬರತೊಡಗಿತ್ತು. 1975ರಲ್ಲಿ ಜೋ ಒಂದು ಫೆಂಡರ್ ಟೆಲಿಕಾಸ್ಟರ್ ಗಿಟಾರ್ ಕೊಂಡ. ಅದಕ್ಕೆ ಆಮೇಲೆ ಕಪ್ಪು ಬಣ್ಣ ಬಳಿದ. ಸಾಯುವವರೆಗೂ ಅದೇ ಅವನ ಮುಖ್ಯ ಗಿಟಾರ್.

1976ರ ಏಪ್ರಿಲ್ 3. ನ್ಯಾಶ್‌ವಿಲ್ ರೂಮ್ಸ್ ಎಂಬಲ್ಲಿ 101ಅರ್ಸ್ ಕಾರ್ಯಕ್ರಮ. ಅವರಿಗಿಂತ ಮೊದಲು ನುಡಿಸಲು ಬಂದ ಹೊಸ ಹುಡುಗರು ಸೆಕ್ಸ್ ಪಿಸ್ತೂಲ್ಸ್. ಜನ ಮೆಚ್ಚಲಿ ಬಿಡಲಿ, ತಮಗೇನು ಎಂಬಂತೆ ನಿಂತ ಅವರನ್ನು ನೋಡಿದ ಕ್ಷಣ ಜೋಗೆ ತನ್ನ ಬ್ಯಾಂಡಿನ ಕಾಲ ಮುಗಿಯಿತು ಎಂದು ಹೊಳೆಯಿತು. ಎರಡು ವರ್ಷ ಕಷ್ಟಪಟ್ಟು ಕಟ್ಟಿದ್ದು, ಮೊದಲ ಸಿಂಗಲ್ ಹೊರಬರುವ ಹೊತ್ತು. ಅಷ್ಟರಲ್ಲಿ ಮ್ಯಾನೇಜರ್ ಬರ್ನಿ ರೋಡ್ಸ್ ಬಂದು, ಮಿಕ್ ಜೋನ್ಸ್ ಮತ್ತು ಪಾಲ್ ಸಿಮೊನನ್ ಎಂಬ ಇಬ್ಬರು ಹುಡುಗರ ಬ್ಯಾಂಡಿಗೆ ಗಾಯಕ ಬೇಕು, ಬರುತ್ತೀಯಾ ಎಂದು ಕೇಳಿದ. ಯೋಚಿಸಲು ಸಿಕ್ಕಿದ್ದು ಒಂದೆರಡು ದಿನ. ಜೋ ಹಳೆಯ ಗೆಳೆಯರನ್ನು ಬಿಟ್ಟು ನಡೆದ. ಆಗ ಅವನಿಗೆ 23. ಉಳಿದಿಬ್ಬರಿಗೆ 20ರ ಆಸುಪಾಸು.

ಮೊದಲ ಆಲ್ಬಂ: ದೊಡ್ಡದೇ?

ದಿ ಕ್ಲ್ಯಾಶ್ ಮೊದಲ ಸಲ ವೇದಿಕೆ ಏರಿದ್ದು 1976ರ ಜುಲೈ 4ರಂದು, ಶೆಫೀಲ್ಡ್‌ನಲ್ಲಿ. ಪಾಲ್‌ಗೆ ಬಾಸ್ ಗಿಟಾರ್ ಇನ್ನೂ ಸರಿಯಾಗಿ ಬರುತ್ತಿರಲಿಲ್ಲ. ಯಾವ ಸ್ವರ ಎಲ್ಲಿದೆ ಎಂದು ಗಿಟಾರಿನ ಕುತ್ತಿಗೆಯ ಮೇಲೆಯೇ ಬರೆದುಕೊಂಡಿದ್ದ. ಆ ಆಗಸ್ಟಿನಲ್ಲಿ ಲಂಡನ್ನಿನ ನಾಟಿಂಗ್ ಹಿಲ್‌ನಲ್ಲಿ ಕೆರಿಬಿಯನ್ ಮೂಲದವರ ಕಾರ್ನಿವಲ್ ನಡೆಯುವಾಗ ಪೊಲೀಸರಿಗೂ ಕಪ್ಪು ಯುವಕರಿಗೂ ಘರ್ಷಣೆಯಾಯಿತು. ಜೋ ಮತ್ತು ಪಾಲ್ ಆ ಗಲಭೆಯ ನಡುವೆ ಸಿಕ್ಕಿಕೊಂಡಿದ್ದರು. ಅವರ ಮೊದಲ ಸಿಂಗಲ್ ‘ವೈಟ್ ರಾಯಟ್’ ಹುಟ್ಟಿದ್ದು ಅಲ್ಲಿಂದ.

1977ರ ಜನವರಿಯಲ್ಲಿ ಸಿಬಿಎಸ್ ಎಂಬ ದೊಡ್ಡ ರೆಕಾರ್ಡ್ ಕಂಪನಿ ಒಂದು ಲಕ್ಷ ಪೌಂಡಿಗೆ ಬ್ಯಾಂಡನ್ನು ಒಪ್ಪಂದಕ್ಕೆ ಹಚ್ಚಿಕೊಂಡಿತು. ಪಂಕ್ ಅಭಿಮಾನಿಗಳಲ್ಲಿ ಅನೇಕರಿಗೆ ಇದು ದ್ರೋಹವಾಗಿ ಕಂಡಿತು. ಪಂಕ್ ಸತ್ತದ್ದೇ ಆ ದಿನ ಎಂದು ಅಭಿಮಾನಿ ಪತ್ರಿಕೆಯೊಂದರ ಸಂಪಾದಕ ಮಾರ್ಕ್ ಪೆರ್ರಿ ತೀರ್ಪು ಕೊಟ್ಟ. ಜೋನ ಬೆನ್ನಿಗೆ ಇನ್ನೊಂದು ಆರೋಪವೂ ಅಂಟಿಕೊಂಡಿತು. ವಿದೇಶಾಂಗ ಇಲಾಖೆಯ ನೌಕರನ ಮಗ, ಬೋರ್ಡಿಂಗ್ ಶಾಲೆಯಲ್ಲಿ ಓದಿದವನು ಬಡ ಹುಡುಗರ ಸಿಟ್ಟನ್ನು ಹಾಡುವುದು ನಾಟಕವಲ್ಲವೇ ಎಂಬುದು. ಈ ಪ್ರಶ್ನೆಯಲ್ಲಿ ಹುರುಳಿಲ್ಲ ಎನ್ನಲಾಗದು. ಜೋ ತನ್ನ ಹಿನ್ನೆಲೆಯನ್ನು ಆಗ ಅಷ್ಟಾಗಿ ಹೇಳಿಕೊಳ್ಳುತ್ತಿರಲಿಲ್ಲ. ಆದರೆ ಗುಂಡಿ ತೋಡಿದ್ದು, ಚಿಲ್ಲರೆ ಆಯ್ದದ್ದು, ಬಾಡಿಗೆ ಇಲ್ಲದ ಮನೆಯಲ್ಲಿ ಚಳಿಗಾಲ ಕಳೆದದ್ದು ಕೂಡ ನಾಟಕವಾಗಿರಲಿಲ್ಲ.

1977ರ ಏಪ್ರಿಲ್ 8ರಂದು ಬ್ಯಾಂಡಿನ ಹೆಸರನ್ನೇ ಹೊತ್ತು ಮೊದಲ ಆಲ್ಬಂ ಬಂತು. ಕೆಲವೇ ದಿನಗಳಲ್ಲಿ ಧ್ವನಿಮುದ್ರಣ ಮುಗಿದಿತ್ತು. 14 ಹಾಡು. ನಿರುದ್ಯೋಗ, ಬೇಸರ, ಕೆಲಸ ಹುಡುಕಿ ಹೋದರೆ ಸಿಗುವ ಅವಮಾನ, ಎಲ್ಲೆಲ್ಲೂ ತುಂಬಿದ ಅಮೆರಿಕದ ಟಿವಿ ಕಾರ್ಯಕ್ರಮಗಳು, ಇವೇ ವಸ್ತು. ‘ಕರಿಯರ್ ಆಪರ್ಚುನಿಟೀಸ್’ ಎಂಬ ಹಾಡಂತೂ ಉದ್ಯೋಗ ವಿನಿಮಯ ಕೇಂದ್ರದ ಸಾಲಿನಲ್ಲಿ ನಿಂತವನ ಹಾಡು. ಆದರೆ ನಡುವೆ ಒಂದು ಅಚ್ಚರಿ ಇತ್ತು. ಜಮೈಕಾದ ಜೂನಿಯರ್ ಮರ್ವಿನ್‌ನ ‘ಪೊಲೀಸ್ ಅಂಡ್ ಥೀವ್ಸ್’ ಎಂಬ ರೆಗೆ ಹಾಡನ್ನು ಇವರು ತಮ್ಮದೇ ಒರಟು ಧಾಟಿಯಲ್ಲಿ ಆರು ನಿಮಿಷ ನುಡಿಸಿದ್ದರು. ಎರಡು ನಿಮಿಷದ ಧರ್ಮವನ್ನು ಪಂಕ್ ಹುಡುಗರೇ ಮೊದಲ ಆಲ್ಬಂನಲ್ಲೇ ಮುರಿದಿದ್ದರು.

ಅಮೆರಿಕದ ಸಿಬಿಎಸ್ ಈ ಆಲ್ಬಂ ಅಲ್ಲಿನ ರೇಡಿಯೊಗೆ ಹೊಂದುವುದಿಲ್ಲ ಎಂದು ಬಿಡುಗಡೆಯನ್ನೇ ನಿರಾಕರಿಸಿತು. ಕೇಳುಗರು ಬಿಡಬೇಕಲ್ಲ? ಇಂಗ್ಲೆಂಡಿನಿಂದ ಆಮದಾದ ಸುಮಾರು ಒಂದು ಲಕ್ಷ ಪ್ರತಿಗಳು ಅಲ್ಲಿ ಖರ್ಚಾದವು. ಕೊನೆಗೆ ಕಂಪನಿ 1979ರಲ್ಲಿ ಹಾಡುಗಳನ್ನು ಅದಲು ಬದಲು ಮಾಡಿ ಅಲ್ಲೂ ಬಿಡುಗಡೆ ಮಾಡಿತು.

ಇದು ದೊಡ್ಡ ಆಲ್ಬಮೇ? ಇಲ್ಲ ಅನ್ನುವವರು ಹೇಳುವುದು ಇಷ್ಟು. ಧ್ವನಿ ತೆಳುವು, ಮಾತು ಅರ್ಥವಾಗದು, ಒಂದು ಹಾಡಿಗೂ ಇನ್ನೊಂದಕ್ಕೂ ವ್ಯತ್ಯಾಸ ಕಡಿಮೆ. ಹೌದು ಅನ್ನುವವರು ಹೇಳುವುದು, ಒಂದು ಊರಿನ ಒಂದು ವರ್ಷ ಹೇಗಿತ್ತು ಎಂದು ತಿಳಿಯಬೇಕಾದರೆ ಇದಕ್ಕಿಂತ ಒಳ್ಳೆಯ ದಾಖಲೆ ಇಲ್ಲ ಎಂದು. ನನಗೆ ಇಬ್ಬರೂ ಸರಿ ಅನ್ನಿಸುತ್ತದೆ. ಅದು ಆ ಕ್ಷಣದ ಆಲ್ಬಂ. ಆದರೆ ಕ್ಷಣ ಕಳೆದ ಮೇಲೆ ಏನು ಮಾಡುವುದು? ಪಂಕ್‌ಗೆ ನಿಜವಾದ ಪರೀಕ್ಷೆ ಎದುರಾದದ್ದು ಆಗಲೇ.

ಗ್ಯಾರೇಜಿನ ಹಿಂದಿನ ಕೋಣೆ

ಡ್ರಮ್ಸ್‌ಗೆ ಟಾಪರ್ ಹೆಡನ್ ಬಂದ. ಜಾಝ್, ಫಂಕ್, ಏನು ಕೇಳಿದರೂ ನುಡಿಸಬಲ್ಲ ಹುಡುಗ. 1978ರ ಆರಂಭದಲ್ಲಿ ಜೋ ಹೆಪಟೈಟಿಸ್ ಆಗಿ ಆಸ್ಪತ್ರೆ ಸೇರಿದ. ಮೆಚ್ಚುಗೆ ತೋರಲು ವೇದಿಕೆಯತ್ತ ಉಗುಳುವುದು ಆಗಿನ ಪಂಕ್ ಸಭಿಕರ ಕೆಟ್ಟ ಚಾಳಿಯಾಗಿತ್ತು, ರೋಗ ಬಂದದ್ದು ಅದರಿಂದ ಎಂದೇ ಹೇಳುತ್ತಾರೆ. ಚೇತರಿಸಿಕೊಂಡು ಏಪ್ರಿಲ್ 30ರಂದು ಲಂಡನ್ನಿನ ವಿಕ್ಟೋರಿಯಾ ಪಾರ್ಕ್‌ನಲ್ಲಿ ಹಾಡಿದ. ವರ್ಣದ್ವೇಷದ ವಿರುದ್ಧ ರಾಕ್ ಎಂಬ ಚಳವಳಿಯ ಸಭೆ ಅದು. ಟ್ರಫಾಲ್ಗರ್ ಚೌಕದಿಂದ ಮೆರವಣಿಗೆಯಲ್ಲಿ ಬಂದವರೂ ಸೇರಿ ಹತ್ತಾರು ಸಾವಿರ ಜನ. ಅಣ್ಣ ನಂಬಿದ್ದ ಪಕ್ಷದ ಎದುರು ತಮ್ಮ ನಿಂತದ್ದು ಹೀಗೆ.

ಅದೇ ವರ್ಷದ ಕೊನೆಗೆ ಎರಡನೇ ಆಲ್ಬಂ ‘ಗಿವ್ ಎಮ್ ಎನಫ್ ರೋಪ್’ ಬಂತು. ಬ್ರಿಟನ್ನಿನ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೇರಿತು. ಆದರೂ ಬ್ಯಾಂಡಿನ ಮೇಲೆ ಸಾಲವಿತ್ತು, ಮ್ಯಾನೇಜರ್ ಜೊತೆ ಜಗಳವಾಗಿ ಅವನನ್ನು ಬಿಟ್ಟಿದ್ದರು, ಅಭ್ಯಾಸ ಮಾಡಲು ಜಾಗವಿರಲಿಲ್ಲ, ಬರೆಯಲು ಹೊಸ ಹಾಡೂ ಇರಲಿಲ್ಲ. ಪಂಕ್ ಮುಗಿಯಿತು ಎಂದು ಪತ್ರಿಕೆಗಳು ಆಗಲೇ ಬರೆದಿದ್ದವು.

1979ರಲ್ಲಿ ಲಂಡನ್ನಿನ ಪಿಮ್ಲಿಕೊ ಪ್ರದೇಶದ ಒಂದು ಗ್ಯಾರೇಜಿನ ಹಿಂದೆ ವೆನಿಲ್ಲಾ ಎಂಬ ಅಭ್ಯಾಸದ ಕೋಣೆ ಹಿಡಿದರು. ಹೊರಗಿನವರಿಗೆ ಸುಳಿವೇ ಸಿಗದಂಥ ಜಾಗ. ದಿನವೂ ಬರುವುದು, ನುಡಿಸುವುದು, ಎದುರಿನ ಆಟದ ಮೈದಾನದಲ್ಲಿ ಫುಟ್‌ಬಾಲ್ ಆಡುವುದು, ಮತ್ತೆ ಬಂದು ನುಡಿಸುವುದು. ಹೀಗೆ ತಿಂಗಳುಗಟ್ಟಲೆ ನಡೆಯಿತು. ಹಳೆಯ ರಾಕ್ ಅಂಡ್ ರೋಲ್, ರೆಗೆ, ಸ್ಕಾ, ಜಾಝ್, ಸೋಲ್, ಕೈಗೆ ಸಿಕ್ಕಿದ್ದನ್ನೆಲ್ಲ ನುಡಿಸಿ ನೋಡಿದರು. ಜೋ ಸಾಹಿತ್ಯ ಬರೆಯುವುದು, ಮಿಕ್ ರಾಗ ಕಟ್ಟುವುದು. ಸನಿಕೆ ಹಿಡಿದಿದ್ದ ಕೈ ಪೆನ್ನನ್ನೂ ಹಾಗೇ ಹಿಡಿಯಿತು, ದಿನದ ಕೆಲಸವೆಂಬಂತೆ.

ವೆಸೆಕ್ಸ್ ಸ್ಟುಡಿಯೊದಲ್ಲಿ ಧ್ವನಿಮುದ್ರಣಕ್ಕೆ ನಿರ್ಮಾಪಕನಾಗಿ ಅವರು ಕರೆದದ್ದು ಗೈ ಸ್ಟೀವನ್ಸ್‌ನನ್ನು. ಕುಡಿತದಿಂದ ಹೆಸರು ಕೆಡಿಸಿಕೊಂಡು, ಯಾರೂ ಕೆಲಸ ಕೊಡದ ಸ್ಥಿತಿಗೆ ಬಂದಿದ್ದವನು. ಹಾಡುವಾಗ ಹುರುಪು ತುಂಬಲೆಂದು ಅವನು ಕುರ್ಚಿ ಎಸೆಯುತ್ತಿದ್ದ, ಏಣಿ ಬೀಸುತ್ತಿದ್ದ. ತಾಂತ್ರಿಕ ಕೆಲಸವನ್ನು ಬಿಲ್ ಪ್ರೈಸ್ ಎಂಬ ಎಂಜಿನಿಯರ್ ಅಚ್ಚುಕಟ್ಟಾಗಿ ನಿಭಾಯಿಸಿದ. ಹುಚ್ಚು ಒಬ್ಬನದು, ಶಿಸ್ತು ಒಬ್ಬನದು. ಬ್ಯಾಂಡಿಗೆ ಎರಡೂ ಬೇಕಿತ್ತು.

1979ರ ಡಿಸೆಂಬರ್ 14ರಂದು ‘ಲಂಡನ್ ಕಾಲಿಂಗ್’ ಬಿಡುಗಡೆಯಾಯಿತು. ಎರಡು ತಟ್ಟೆ, 19 ಹಾಡು. ಅದರ ಬೆಲೆಯದೇ ಒಂದು ಕಥೆ. ಆಲ್ಬಂ ಜೊತೆ ಒಂದು ಸಿಂಗಲ್ ತಟ್ಟೆ ಉಚಿತವಾಗಿ ಕೊಡಿ ಎಂದು ಬ್ಯಾಂಡ್ ಕೇಳಿತು, ಕಂಪನಿ ಒಪ್ಪಿತು. ಆಮೇಲೆ ಆ ಉಚಿತ ತಟ್ಟೆಯಲ್ಲಿ ಇಡೀ ಎರಡನೇ ಆಲ್ಬಮನ್ನೇ ತುಂಬಿಬಿಟ್ಟರು. ಎರಡು ತಟ್ಟೆಯ ಆಲ್ಬಂ ಒಂದರ ಬೆಲೆಗೆ, ಸುಮಾರು ಐದು ಪೌಂಡಿಗೆ ಸಿಕ್ಕಿತು. ಕೊನೆಗಳಿಗೆಯಲ್ಲಿ ಸೇರಿಸಿದ ‘ಟ್ರೇನ್ ಇನ್ ವೇನ್’ ಹಾಡಿನ ಹೆಸರು ಹೊರ ಕವಚದಲ್ಲಿ ಇರಲೇ ಇಲ್ಲ. ಕವಚ ಅಷ್ಟರಲ್ಲಿ ಅಚ್ಚಾಗಿತ್ತು.

ಒಳಗೆ ಏನಿದೆ ನೋಡಿ. ಶೀರ್ಷಿಕೆ ಗೀತೆಯ ಹಿಂದೆ ಆ ವರ್ಷ ಅಮೆರಿಕದ ತ್ರೀ ಮೈಲ್ ಐಲ್ಯಾಂಡ್‌ನಲ್ಲಿ ನಡೆದ ಅಣು ಸ್ಥಾವರ ಅಪಘಾತದ ಭಯವಿದೆ, ಥೇಮ್ಸ್ ಉಕ್ಕಿ ಲಂಡನ್ ಮುಳುಗೀತೆಂಬ ಆತಂಕವಿದೆ. ‘ಸ್ಪ್ಯಾನಿಷ್ ಬಾಂಬ್ಸ್’ನಲ್ಲಿ ಸ್ಪೇನಿನ ಅಂತರ್ಯುದ್ಧ ಬರುತ್ತದೆ. ಪಾಲ್ ಬರೆದು ಹಾಡಿದ ‘ಗನ್ಸ್ ಆಫ್ ಬ್ರಿಕ್ಸ್‌ಟನ್’ ಪೂರ್ತಿ ರೆಗೆ. ಮೂರು ವರ್ಷದ ಹಿಂದೆ ಸ್ವರದ ಹೆಸರು ಗಿಟಾರಿನ ಮೇಲೆ ಬರೆದುಕೊಂಡಿದ್ದ ಹುಡುಗ ಅವನೇ. ‘ಲಾಸ್ಟ್ ಇನ್ ದ ಸೂಪರ್‌ಮಾರ್ಕೆಟ್’ ಹಾಡನ್ನು ಬರೆದದ್ದು ಜೋ, ಹಾಡಿದ್ದು ಮಿಕ್. ಗೆಳೆಯನ ಬಾಲ್ಯ ಹೇಗಿದ್ದೀತು ಎಂದು ಊಹಿಸಿ ಬರೆದು ಅವನ ಬಾಯಿಂದಲೇ ಹಾಡಿಸಿದ್ದ. ‘ಕ್ಲ್ಯಾಂಪ್‌ಡೌನ್’ ಅಂತೂ ಕೆಲಸಕ್ಕೆ ಸೇರಿದ ಮೇಲೆ ಮೆಲ್ಲಗೆ ಯಂತ್ರದ ಭಾಗವಾಗಿಬಿಡುವ ಯುವಕರಿಗೆ ಕೊಟ್ಟ ಎಚ್ಚರಿಕೆ.

ಕವಚದ ಮೇಲೆ ನ್ಯೂಯಾರ್ಕಿನ ವೇದಿಕೆಯಲ್ಲಿ ಪಾಲ್ ತನ್ನ ಬಾಸ್ ಗಿಟಾರನ್ನು ನೆಲಕ್ಕೆ ಅಪ್ಪಳಿಸುವ ಚಿತ್ರ. ತೆಗೆದವರು ಪೆನ್ನಿ ಸ್ಮಿತ್. ಫೋಕಸ್ ಸರಿಯಿಲ್ಲ, ಬೇಡ ಎಂದು ಅವರೇ ಹಿಂಜರಿದಿದ್ದರು. ಜೋ ಅದೇ ಬೇಕೆಂದು ಹಟ ಹಿಡಿದ. ಅಕ್ಷರಗಳ ವಿನ್ಯಾಸ ಎಲ್ವಿಸ್ ಪ್ರೀಸ್ಲಿಯ ಮೊದಲ ಆಲ್ಬಂನದ್ದೇ. ಹಳೆಯದನ್ನು ಒಡೆಯುತ್ತಿರುವವರೇ ಹಳೆಯದಕ್ಕೆ ನಮಸ್ಕಾರವನ್ನೂ ಹೇಳಿದ್ದರು.

ಅಮೆರಿಕದಲ್ಲಿ ಇದು ಮಾರಾಟಕ್ಕೆ ಬಂದದ್ದು 1980ರ ಜನವರಿಯಲ್ಲಿ. ಹಾಗಾಗಿ 1979ರಲ್ಲಿ ಹುಟ್ಟಿದ ಆಲ್ಬಂ ಮುಂದೆ ರೋಲಿಂಗ್ ಸ್ಟೋನ್ ಪತ್ರಿಕೆಯ ಲೆಕ್ಕದಲ್ಲಿ 1980ರ ದಶಕದ ಅತ್ಯುತ್ತಮ ಆಲ್ಬಂ ಅನ್ನಿಸಿಕೊಂಡಿತು. 2003ರಲ್ಲಿ ಅದೇ ಪತ್ರಿಕೆ ಸಾರ್ವಕಾಲಿಕ 500 ಆಲ್ಬಂಗಳ ಪಟ್ಟಿಯಲ್ಲಿ ಅದಕ್ಕೆ 8ನೇ ಸ್ಥಾನ ಕೊಟ್ಟಿತು.

ಇಲ್ಲಿಗೆ ಜಗಳ ಮುಗಿಯಬೇಕಿತ್ತು. ಮುಗಿಯಲಿಲ್ಲ. ದೊಡ್ಡ ಆಲ್ಬಂ ಹೌದು, ಆದರೆ ಇದು ಪಂಕ್ ಆಗಿ ಉಳಿದಿದೆಯೇ ಎಂದು ಎದುರು ಪಕ್ಷದವರು ಈಗ ಬೇರೆ ಪ್ರಶ್ನೆ ಎತ್ತುತ್ತಾರೆ. ಜಾಝ್ ಇದೆ, ಪಿಯಾನೊ ಇದೆ, ತುತ್ತೂರಿ ಇದೆ. ಅಂದರೆ ಪಂಕ್ ಬ್ಯಾಂಡ್ ದೊಡ್ಡ ಆಲ್ಬಂ ಮಾಡಿದ್ದು ಪಂಕ್ ಬಿಟ್ಟಾಗಲೇ ಎಂಬುದು ಅವರ ಪಟ್ಟು. ಈ ವಾದದಲ್ಲಿ ಒಂದು ಮೋಸವಿದೆ. ಚೆನ್ನಾಗಿಲ್ಲದಿದ್ದರೆ ಪಂಕ್‌ನ ದೌರ್ಬಲ್ಯ, ಚೆನ್ನಾಗಿದ್ದರೆ ಅದು ಪಂಕ್ ಅಲ್ಲ. ಹೀಗಾದರೆ ಪಂಕ್ ಗೆಲ್ಲುವುದು ಯಾವಾಗ? ಮೂರು ಕಾರ್ಡ್ ಎಂಬುದು ಒಳಗೆ ಬರುವವರಿಗೆ ತೆರೆದಿಟ್ಟ ಬಾಗಿಲು. ಬಂದ ಮೇಲೆ ಅಲ್ಲೇ ನಿಂತಿರಬೇಕೆಂದು ಅದು ಹೇಳುವುದಿಲ್ಲ.

ಗೆಲುವಿನ ಬೆಲೆ

ಮುಂದಿನ ವರ್ಷವೇ ‘ಸ್ಯಾಂಡಿನಿಸ್ಟಾ!’ ಬಂತು. ಈ ಸಲ ಮೂರು ತಟ್ಟೆ, 36 ಹಾಡು. ಬೆಲೆ ಕಡಿಮೆ ಇರಬೇಕೆಂದು ಬ್ಯಾಂಡ್ ಮೊದಲ ಎರಡು ಲಕ್ಷ ಪ್ರತಿಗಳ ರಾಯಧನವನ್ನೇ ಬಿಟ್ಟುಕೊಟ್ಟಿತು. ಬಹಳ ಜನ ಇದನ್ನು ಅತಿಯಾಯಿತು ಎಂದರು. ಒಂದು ತಟ್ಟೆಗೆ ಇಳಿಸಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂಬ ಮಾತು ಇಂದಿಗೂ ಇದೆ. ನಾನೂ ಅದನ್ನು ಒಪ್ಪುತ್ತೇನೆ. ಎಲ್ಲಿ ನಿಲ್ಲಿಸಬೇಕೆಂದು ತಿಳಿಯುವುದೂ ಒಂದು ಕಸುಬು.

1982ರ ‘ಕಾಂಬ್ಯಾಟ್ ರಾಕ್’ ಅವರನ್ನು ಅಮೆರಿಕದಲ್ಲಿ ತಾರೆಗಳನ್ನಾಗಿ ಮಾಡಿತು. ಅದರ ‘ರಾಕ್ ದ ಕಾಸ್ಬಾ’ ಹಾಡಿನ ಸಂಗೀತ ಕಟ್ಟಿದ್ದು ಟಾಪರ್. ಡ್ರಮ್ಸ್, ಪಿಯಾನೊ, ಬಾಸ್ ಮೂರನ್ನೂ ತಾನೇ ನುಡಿಸಿದ್ದ. ಆದರೆ ಹಾಡು ಜನಪ್ರಿಯವಾಗುವ ಹೊತ್ತಿಗೆ ಹೆರಾಯಿನ್ ಚಟದ ಕಾರಣಕ್ಕೆ ಅವನನ್ನು ಬ್ಯಾಂಡಿನಿಂದ ತೆಗೆದಾಗಿತ್ತು. ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಶೇ ಸ್ಟೇಡಿಯಂನಲ್ಲಿ ದ ಹೂ ಬ್ಯಾಂಡಿಗಿಂತ ಮೊದಲು ನುಡಿಸಿದರು. ಯಾವ ಸ್ಟೇಡಿಯಂ ರಾಕ್ ವಿರುದ್ಧ ಎದ್ದಿದ್ದರೋ ಅದೇ ಸ್ಟೇಡಿಯಂನಲ್ಲಿ ಈಗ ಅವರು ನಿಂತಿದ್ದರು.

1983ರ ಸೆಪ್ಟೆಂಬರಿನಲ್ಲಿ ಜೋ ಮತ್ತು ಪಾಲ್ ಸೇರಿ ಮಿಕ್ ಜೋನ್ಸ್‌ನನ್ನು ಹೊರಹಾಕಿದರು. ತಡವಾಗಿ ಬರುತ್ತಾನೆ, ತಾರೆಯಂತೆ ಆಡುತ್ತಾನೆ ಎಂಬುದು ದೂರು. ಮತ್ತೆ ಮ್ಯಾನೇಜರ್ ಆಗಿ ಬಂದಿದ್ದ ಬರ್ನಿ ರೋಡ್ಸ್‌ನ ಒತ್ತಾಸೆಯೂ ಇತ್ತು. ರಾಗ ಕಟ್ಟುವವನನ್ನೇ ಕಳಿಸಿದ ಮೇಲೆ ಸಾಹಿತ್ಯ ಬರೆಯುವವನ ಕೈಯಲ್ಲಿ ಉಳಿದದ್ದು ಅರ್ಧ ಬ್ಯಾಂಡು. ಹೊಸ ಹುಡುಗರನ್ನು ಸೇರಿಸಿಕೊಂಡ. 1985ರ ಮೇ ತಿಂಗಳಲ್ಲಿ ಸಾದಾ ಗಿಟಾರ್ ಹಿಡಿದು ಉತ್ತರ ಇಂಗ್ಲೆಂಡಿನ ಬೀದಿ ಬೀದಿಗಳಲ್ಲಿ ಹಾಡಿ ಚಿಲ್ಲರೆ ಎತ್ತಿದರು. ಹಳೆಯ ದಿನಗಳು ಮರಳಿ ಬಂದಂತೆ ಅವನಿಗೆ ಅನ್ನಿಸಿರಬೇಕು. ಆದರೆ ಆ ವರ್ಷದ ಕೊನೆಗೆ ಬಂದ ‘ಕಟ್ ದ ಕ್ರ್ಯಾಪ್’ ಆಲ್ಬಂ ಸೋತಿತು. ಅದರ ಮೇಲೆ ರೋಡ್ಸ್‌ನ ಹಿಡಿತ ಎಷ್ಟಿತ್ತೆಂದರೆ ಹಾಡಿದವನಿಗೇ ಅದು ತನ್ನದೆನಿಸಲಿಲ್ಲ. ಬ್ಯಾಂಡ್ ಅಲ್ಲಿಗೆ ಮುಗಿಯಿತು.

ಅದಕ್ಕೂ ಮೊದಲೇ ಜೋ ತನ್ನ ತಪ್ಪು ಅರಿತಿದ್ದ. ಬಹಾಮಾಸ್‌ನಲ್ಲಿದ್ದ ಮಿಕ್‌ನನ್ನು ಹುಡುಕಿಕೊಂಡು ಹೋಗಿ, ಮತ್ತೆ ಸೇರೋಣ ಎಂದು ಕೇಳಿದ. ಮಿಕ್ ಹೊಸ ಬ್ಯಾಂಡ್ ಕಟ್ಟಿಯಾಗಿತ್ತು. ಒಲ್ಲೆ ಎಂದ. ಗೆಳೆತನ ಮಾತ್ರ ಉಳಿಯಿತು. 1986ರಲ್ಲಿ ಮಿಕ್‌ನ ಹೊಸ ಬ್ಯಾಂಡಿನ ಎರಡನೇ ಆಲ್ಬಂಗೆ ಜೋ ಹೋಗಿ ಕೈಜೋಡಿಸಿದ.

ಬರಗಾಲದ ವರ್ಷಗಳು

ಇಲ್ಲಿಂದ ಮುಂದಿನ ಹತ್ತು ಚಿಲ್ಲರೆ ವರ್ಷಗಳನ್ನು ಜೀವನಚರಿತ್ರೆಗಳು ಬೇಗ ಬೇಗ ದಾಟಿಬಿಡುತ್ತವೆ. ಕೆಲಸ ಹುಡುಕುತ್ತಿರುವ ನಮಗೆ ಮಾತ್ರ ಆ ವರ್ಷಗಳೇ ಮುಖ್ಯ. ತಂದೆ ತಾಯಿ ಇಬ್ಬರೂ ತೀರಿಕೊಂಡಿದ್ದರು. ಕೆಲವು ಸಿನಿಮಾಗಳಲ್ಲಿ ನಟಿಸಿದ, 1987ರ ‘ವಾಕರ್’ ಚಿತ್ರಕ್ಕೆ ಸಂಗೀತ ಮಾಡಿದ, 1989ರಲ್ಲಿ ಜಿಮ್ ಜಾರ್ಮುಶ್‌ನ ‘ಮಿಸ್ಟರಿ ಟ್ರೇನ್’ನಲ್ಲಿ ಕಾಣಿಸಿಕೊಂಡ. ಅದೇ ವರ್ಷ ತನ್ನ ಹೆಸರಿನಲ್ಲಿ ತಂದ ‘ಅರ್ತ್‌ಕ್ವೇಕ್ ವೆದರ್’ ಆಲ್ಬಂ ಮಾರಾಟವಾಗಲಿಲ್ಲ. 1991ರಲ್ಲಿ ದ ಪೋಗ್ಸ್ ಬ್ಯಾಂಡಿನಲ್ಲಿ ಶೇನ್ ಮೆಕ್‌ಗವನ್ ಜಾಗಕ್ಕೆ ಬದಲಿ ಗಾಯಕನಾಗಿ ಹೋದ. ಅದೇ ವರ್ಷ ಕ್ಲ್ಯಾಶ್‌ನ ಹಳೆಯ ಹಾಡೊಂದು ಜೀನ್ಸ್ ಜಾಹೀರಾತಿನಲ್ಲಿ ಬಳಕೆಯಾಗಿ ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಒಡೆದುಹೋದ ಬ್ಯಾಂಡಿಗೆ ತವರಲ್ಲಿ ಸಿಕ್ಕ ಒಂದೇ ಒಂದು ನಂಬರ್ ಒನ್ ಅದು. ಹಳೆಯ ಹೆಸರಿನಲ್ಲಿ ಮತ್ತೆ ಒಂದಾಗಿ ಹಣ ಮಾಡುವ ಅವಕಾಶವನ್ನು ಅವರು ಬಳಸಿಕೊಳ್ಳಲಿಲ್ಲ.

ನಲವತ್ತೇಳರ ಹೊಸ್ತಿಲಲ್ಲಿ ಅವನು ಮತ್ತೆ ಶುರು ಮಾಡಿದ. ಮೆಸ್ಕಲೆರೋಸ್ ಎಂಬ ಹೊಸ ಬ್ಯಾಂಡ್. ಹೆಚ್ಚಿನವರು ತನಗಿಂತ ಚಿಕ್ಕವರು. 1999ರಲ್ಲಿ ಒಂದು, 2001ರಲ್ಲಿ ಇನ್ನೊಂದು ಆಲ್ಬಂ. ಎರಡನೆಯದಾದ ‘ಗ್ಲೋಬಲ್ ಎ ಗೋ ಗೋ’ದಲ್ಲಿ ರೈಲು ನಿಲ್ದಾಣದ ಹಳೆಯ ಗುರು ಟೈಮನ್ ಡಾಗ್ ಪಿಟೀಲು ಹಿಡಿದು ಜೊತೆಗೆ ನಿಂತ. ಅದರಲ್ಲಿ ‘ಭಿಂಡಿ ಭಾಗೀ’ ಎಂಬ ಹಾಡಿದೆ. ಹೌದು, ನಮ್ಮ ಬೆಂಡೆಕಾಯಿಯೇ. ಲಂಡನ್ನಿನ ಬೀದಿಯಲ್ಲಿ ಹೊಸಬನೊಬ್ಬ ಇಂಗ್ಲಿಷರ ಬಟಾಣಿ ಎಲ್ಲಿ ಸಿಗುತ್ತದೆ ಎಂದು ಕೇಳಿದರೆ, ಅದೊಂದನ್ನು ಬಿಟ್ಟು ಜಗತ್ತಿನ ಎಲ್ಲ ದೇಶದ ತಿನಿಸುಗಳ ಹೆಸರನ್ನು ಜೋ ಖುಷಿಯಿಂದ ಹೇಳುತ್ತಾ ಹೋಗುತ್ತಾನೆ. ಊರಿಲ್ಲದ ಹುಡುಗನಿಗೆ ಕೊನೆಗೂ ಒಂದು ಊರು ಸಿಕ್ಕಿತ್ತು. ಎಲ್ಲರೂ ಬಂದು ಸೇರಿದ ಬೀದಿಯೇ ಆ ಊರು.

2002ರ ನವೆಂಬರ್ 15. ಮುಷ್ಕರ ಹೂಡಿದ್ದ ಅಗ್ನಿಶಾಮಕ ಸಿಬ್ಬಂದಿಯ ಸಹಾಯಾರ್ಥ ಲಂಡನ್ನಿನ ಆಕ್ಟನ್ ಟೌನ್ ಹಾಲ್‌ನಲ್ಲಿ ಜೋ ಹಾಡುತ್ತಿದ್ದ. ಕೇಳುಗರ ನಡುವೆ ಮಿಕ್ ಜೋನ್ಸ್ ಇದ್ದ. ಹಳೆಯ ಕ್ಲ್ಯಾಶ್ ಹಾಡೊಂದು ಶುರುವಾದಾಗ ತಡೆಯಲಾಗದೆ ಅವನು ವೇದಿಕೆ ಹತ್ತಿ ಗಿಟಾರ್ ಹಿಡಿದ. ಮೊದಲೇ ಮಾತಾಡಿಕೊಂಡಿರಲಿಲ್ಲ. ಹತ್ತೊಂಬತ್ತು ವರ್ಷದ ಬಳಿಕ ಇಬ್ಬರೂ ಒಂದೇ ವೇದಿಕೆಯ ಮೇಲೆ ನಿಂತಿದ್ದರು.

ಅದಾಗಿ ಐದು ವಾರ. ಡಿಸೆಂಬರ್ 22ರಂದು ಸಾಮರ್‌ಸೆಟ್ ಕೌಂಟಿಯ ಬ್ರೂಮ್‌ಫೀಲ್ಡ್‌ನ ತನ್ನ ಮನೆಯಲ್ಲಿ ಜೋ ಸ್ಟ್ರಮರ್ ತೀರಿಕೊಂಡ. ಹುಟ್ಟಿನಿಂದಲೇ ಇದ್ದು ಯಾರಿಗೂ ಗೊತ್ತಾಗದೆ ಉಳಿದಿದ್ದ ಹೃದಯದ ದೋಷ ಕಾರಣ. ವಯಸ್ಸು 50. ಅಂತ್ಯಕ್ರಿಯೆಗೆ ಅಗ್ನಿಶಾಮಕ ಸಿಬ್ಬಂದಿ ಸಮವಸ್ತ್ರದಲ್ಲಿ ಬಂದು ಗೌರವ ಸಲ್ಲಿಸಿದರು. ಅವನು ಅರ್ಧಕ್ಕೆ ಬಿಟ್ಟ ‘ಸ್ಟ್ರೀಟ್‌ಕೋರ್’ ಆಲ್ಬಮನ್ನು ಗೆಳೆಯರು ಮುಗಿಸಿ 2003ರಲ್ಲಿ ಹೊರತಂದರು.

ತೀರ್ಪು

ಈಗ ಮೊದಲಿನ ಪ್ರಶ್ನೆಗೆ ಬರೋಣ. ಪಂಕ್ ಬ್ಯಾಂಡ್‌ಗಳು ದೊಡ್ಡ ಆಲ್ಬಂ ಮಾಡಿದವೇ? ಎಲ್ಲವೂ ಮಾಡಲಿಲ್ಲ. ಹೆಚ್ಚಿನವು ಒಂದೆರಡು ಒಳ್ಳೆಯ ಹಾಡು ಮಾಡಿ ಕರಗಿಹೋದವು, ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಆದರೆ ಕ್ಲ್ಯಾಶ್ ಮಾಡಿತು. ಮಾಡಿದ್ದು ಪವಾಡದಿಂದಲ್ಲ. ಗ್ಯಾರೇಜಿನ ಹಿಂದಿನ ಕೋಣೆಗೆ ದಿನವೂ ಹೋಗಿದ್ದರಿಂದ. ಮೊದಲ ಆಲ್ಬಂಗೆ ಸಿಟ್ಟು ಸಾಕಾಗಿತ್ತು. ಮೂರನೆಯದಕ್ಕೆ ಸಿಟ್ಟಿನ ಜೊತೆ ಹಾಜರಾತಿಯೂ ಬೇಕಾಯಿತು.

ಇನ್ನೊಂದು ಮಾತು. ಆ ಆಲ್ಬಂ ಜೋ ಒಬ್ಬನದಲ್ಲ. ಮಿಕ್ ಇಲ್ಲದೆ, ಟಾಪರ್ ಇಲ್ಲದೆ ಅದೇ ಜೋ ಅಂಥದ್ದನ್ನು ಮತ್ತೆ ಮಾಡಲಾಗಲಿಲ್ಲ. ನಾಲ್ವರು ಒಬ್ಬರನ್ನೊಬ್ಬರು ಸಹಿಸಿಕೊಂಡಿದ್ದಷ್ಟು ಕಾಲ ಅದು ಸಾಧ್ಯವಾಯಿತು. ಸಹಿಸುವುದು ನಿಂತ ದಿನ ಸಂಗೀತವೂ ನಿಂತಿತು.

ಅರ್ಜಿ ಹಾಕಿ, ಪರೀಕ್ಷೆ ಬರೆದು, ಫಲಿತಾಂಶಕ್ಕೆ ಕಾಯುತ್ತಿರುವ ಗೆಳೆಯರೇ, ಒಂದು ಸಂಜೆ ಬಿಡುವು ಮಾಡಿಕೊಂಡು ‘ಲಂಡನ್ ಕಾಲಿಂಗ್’ ಕೇಳಿ ನೋಡಿ. ಹಾಡು ಹಾರಿಸದೆ, ಮೊದಲಿಂದ ಕೊನೆಯವರೆಗೆ. ಒಂದು ಗಂಟೆ ಐದು ನಿಮಿಷ ಹಿಡಿಯುತ್ತದೆ. ಮುಗಿದ ಮೇಲೆ ಅದು ಪಂಕ್ ಹೌದೋ ಅಲ್ಲವೋ ಎಂದು ಬೇಕಿದ್ದರೆ ಜಗಳ ಆಡೋಣ.